ಉ: ಲ್ಯಾವೆಂಡರ್ ಗೋಪುರದ 6ನೇ ಮಹಡಿಯ ಭೂತಕ್ಕೆ ಏಟೇ ಬೀಳುತ್ತಿಲ್ಲ (ಪೋಕೆಮಾನ್ ರೆಡ್ ವಿಡಿಯೋ ಗೇಮ್)

ನಿಮ್ಮ ಹತ್ತಿರ ಸಿಲ್ಫ್ ಸ್ಕೋಪ್ (ಭೂತದ ನಿಜರೂಪ ತೋರಿಸುವ ಸಾಧನ) ಇಲ್ಲ ಅನ್ನಿಸುತ್ತದೆ. ಅದಿಲ್ಲದಿದ್ದರೆ ನಿಮ್ಮ ಪೋಕೆಮಾನ್ ಹೆದರಿ ದಾಳಿಯನ್ನೇ ಮಾಡುವುದಿಲ್ಲ, ಹಿಡಿಯಲು ಪೋಕೆ ಬಾಲ್ ಎಸೆದರೂ ಭೂತ ತಪ್ಪಿಸಿಕೊಳ್ಳುತ್ತದೆ. ಲೆವೆಲ್ ಎಷ್ಟು ಏರಿಸಿದರೂ ಅಷ್ಟೇ. ಸುಮ್ನೆ ಅಲ್ಲೇ ಒದ್ದಾಡಬೇಡಿ.

ಮೊದಲು ಸೆಲಡಾನ್ ಊರಿನ ಗೇಮ್ ಕಾರ್ನರ್‌ಗೆ ಹೋಗಿ. ಪೋಸ್ಟರ್ ಮುಂದೆ ಕಾವಲು ನಿಂತ ರಾಕೆಟ್ ತಂಡದವನನ್ನು (ಆಟದ ಖಳರ ಗುಂಪು) ಸೋಲಿಸಿ, ಪೋಸ್ಟರ್ ಪರೀಕ್ಷಿಸಿ. ಹಿಂದಿರುವ ಸ್ವಿಚ್ ಒತ್ತಿದರೆ ಮೆಟ್ಟಿಲು ಕಾಣುತ್ತದೆ. ಕೆಳಗೆ ಅವರ ಅಡಗುತಾಣ, ಅಲ್ಲಿ ಲಿಫ್ಟ್ ಕೀ ಬೇಕು. ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ: ಕೊನೆಯ ನೆಲಮಾಳಿಗೆಯಲ್ಲಿ ಕೀ ಇಟ್ಟುಕೊಂಡವನನ್ನು ಸೋಲಿಸಿದರೆ ಸಾಲದು, ಇನ್ನೊಮ್ಮೆ ಮಾತಾಡಿಸಬೇಕು. ಆಗಲೇ ಕೀ ಕೆಳಗೆ ಬೀಳುತ್ತದೆ. ನೀವು ಅಲ್ಲಿವರೆಗೆ ಹೋಗಿದ್ದೀರೋ ಇಲ್ಲವೋ ಪ್ರಶ್ನೆಯಲ್ಲಿ ಹೇಳಿಲ್ಲ, ಅದಕ್ಕೇ ಪೂರ್ತಿ ಬರೆದೆ. ಲಿಫ್ಟ್‌ನಲ್ಲಿ ಇಳಿದು ತಂಡದ ನಾಯಕ ಜಿಯೋವಾನಿಯನ್ನು ಸೋಲಿಸಿದರೆ ಸ್ಕೋಪ್ ನಿಮ್ಮದು.

ಸ್ಕೋಪ್ ಬ್ಯಾಗ್‌ನಲ್ಲಿದ್ದರೆ ಸಾಕು, ಬಳಸಬೇಕಿಲ್ಲ. ಆ ಭೂತ ನಿಜಕ್ಕೂ ರಾಕೆಟ್ ತಂಡ ಕೊಂದ ತಾಯಿ ಮರೋವ್ಯಾಕ್ ಎಂಬ ಪೋಕೆಮಾನ್. ಮರಿ ಕ್ಯೂಬೋನ್ ಅನಾಥವಾಗಿ ಉಳಿದಿದೆ. ಆಟದಲ್ಲಿ ನನ್ನ ಮನಸ್ಸು ಕಲಕಿದ ಜಾಗ ಇದು. ಹಿಡಿಯಲು ಆಗುವುದಿಲ್ಲ, ಸೋಲಿಸಿದರೆ ಅದಕ್ಕೆ ಶಾಂತಿ. ನೆಲದ ಜಾತಿಯದು, ಹಾಗಾಗಿ ನೀರು ಅಥವಾ ಹುಲ್ಲಿನ ದಾಳಿ ಬಳಸಿ.

ಅಷ್ಟು ಸುತ್ತಾಡಲು ಮನಸ್ಸಿಲ್ಲದಿದ್ದರೆ ಸೆಲಡಾನ್ ಅಂಗಡಿಯ 4ನೇ ಮಹಡಿಯಲ್ಲಿ ಪೋಕೆ ಡಾಲ್ ಎಂಬ ಗೊಂಬೆ ಕೊಳ್ಳಿ. ರೆಡ್‌ನಲ್ಲಿ ಅದನ್ನು ಭೂತದ ಮುಂದೆ ಬಳಸಿದರೂ ದಾರಿ ಬಿಡುತ್ತದೆ. ಫೈರ್‌ರೆಡ್ (ರೆಡ್‌ನ ಹೊಸ ರೂಪ) ಆಡುತ್ತಿದ್ದರೆ ಇದು ನಡೆಯಲ್ಲ, ಸ್ಕೋಪ್ ಬೇಕೇ ಬೇಕು.