ನಾಲೆ ನೀರಿನ ನಿಂಜಾ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಮಂಡ್ಯದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. 1995ರ ಬೇಸಿಗೆ ರಜೆಯಲ್ಲಿ ದೊಡ್ಡಪ್ಪನ ಮನೆಗೆ ಟೀವಿ ಗೇಮ್ ಬಂದಿತ್ತು. ಅದರ ಜೊತೆಗೆ ಒಂದು ನಿಂಜಾ ಕ್ಯಾಸೆಟ್. ಹೆಸರು ‘ನಿಂಜಾ ಗೈಡನ್’ ಅಂತ ಆಮೇಲೆ ಗೊತ್ತಾಯಿತು. ನಡುನಡುವೆ ಚಿತ್ರ ಬಂದು, ಕೆಳಗೆ ಜಪಾನಿ ಅಕ್ಷರ ಓಡುತ್ತಿತ್ತು. ನಮಗೆ ಒಂದೂ ಅರ್ಥವಾಗುತ್ತಿರಲಿಲ್ಲ. ದೊಡ್ಡಪ್ಪನ ಮಗ, ನಮ್ಮಣ್ಣ, ತಾನೇ ಕಥೆ ಹೇಳುತ್ತಿದ್ದ. ಬೆಳದಿಂಗಳಲ್ಲಿ ಕತ್ತಿ ಹಿಡಿದು ಓಡಿ ಬರುವ ಆ ಇಬ್ಬರೂ ಅಣ್ಣತಮ್ಮಂದಿರು, ನಾಲೆ ನೀರಿಗೆ ಜಗಳ. ಬಿದ್ದವನು ಸತ್ತಿಲ್ಲ, ಕೊನೇಲಿ ಬರ್ತಾನೆ ನೋಡ್ತಿರು ಅನ್ನುತ್ತಿದ್ದ. ಆ ಕೊನೆ ನಾವು ನೋಡಲೇ ಇಲ್ಲ. ಈಗ ಮಗನಿಗೆ ಅಂತ ಅದೇ ಸರಣಿಯ ಹೊಸ ಆಟ ‘ರೇಜ್‌ಬೌಂಡ್’ ತಗೊಂಡೆ. ನೋಡಿದರೆ, ಬಿದ್ದವನು ಹಳೆ ಆಟದ ಹೀರೋನ ಅಪ್ಪನಂತೆ. ಅಣ್ಣನ ಕಥೆ ಸುಳ್ಳಾಯಿತಲ್ಲ ಅಂತ ಬೇಜಾರಾಯಿತು. ಕೈಯೂ ಓಡುತ್ತಿಲ್ಲ. ಮಗ ಎಲ್ಲೋ ಮುಂದೆ ಹೋದ, ನಾನು ಇನ್ನೂ ಶುರುವಿನಲ್ಲೇ ಇದ್ದೇನೆ. ಅಣ್ಣ ಬೆಂಗಳೂರಿನಲ್ಲಿದ್ದಾನೆ, ಮದುವೆ-ತಿಥಿಗೆ ಸಿಗುವುದಷ್ಟೇ. ಆಡಲೋ, ಬಿಡಲೋ?
– ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮಣ್ಣ ಹೇಳಿದ್ದು ನಿಜ. ಬಿದ್ದವನು ಸತ್ತಿಲ್ಲ. ಮೂವತ್ತು ವರ್ಷ ಕಾದಿದ್ದೀರಿ, ಅದಕ್ಕೇ ಇದನ್ನು ಮೊದಲು ಹೇಳಿಬಿಟ್ಟೆ.

ಟೆಕ್ಮೊ ಕಂಪನಿ 1988ರಲ್ಲಿ ಜಪಾನಿನಲ್ಲಿ ಈ ಆಟ ತಂದಾಗ ಅದರ ಹೆಸರು ‘ನಿಂಜಾ ರ್ಯೂಕೆಂಡೆನ್’. ನಿಮ್ಮ ಕ್ಯಾಸೆಟ್ ಅದರ ನಕಲು ಇರಬೇಕು. ಬೆಳದಿಂಗಳಲ್ಲಿ ಬಿದ್ದವನು ಕೆನ್. ಅಪ್ಪ ಸತ್ತ ಅಂದುಕೊಂಡು ಮಗ ರ್ಯೂ ಹಯಾಬುಸಾ ಅವನ ಪತ್ರ ಹಿಡಿದು ಅಮೆರಿಕಕ್ಕೆ ಹೋಗುತ್ತಾನೆ. ಕೊನೆಯ ಹಂತದಲ್ಲಿ ಮುಖವಾಡದವನೊಬ್ಬ ಎದುರು ನಿಲ್ಲುತ್ತಾನಲ್ಲ, ಅವನೇ ಅಪ್ಪ! ಜಾಕಿಯೊ ಎಂಬ ದುಷ್ಟನ ಕೈಗೊಂಬೆಯಾಗಿರುತ್ತಾನೆ. ಬಿಡುಗಡೆಯಾದ ಮೇಲೆ, ಮಗನಿಗೆ ಬೀಳಬೇಕಾದ ಏಟಿಗೆ ತಾನೇ ಅಡ್ಡ ಬಂದು ಪ್ರಾಣ ಬಿಡುತ್ತಾನೆ. ಒಂದಕ್ಷರ ಓದಲು ಬಾರದ ಹುಡುಗ ಬರೀ ಚಿತ್ರ ನೋಡಿ ಇದನ್ನು ಊಹಿಸಿದ್ದ. ಓದುತ್ತಾ ನನಗೆ ಮೈ ಜುಮ್ಮೆಂದಿತು.

ಕೊನೆ ಮುಟ್ಟಲಿಲ್ಲ ಅಂತ ನೊಂದುಕೊಳ್ಳಬೇಡಿ. ಕೊನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಮೂವರು ಬರುತ್ತಾರೆ. ಸೋತರೆ ಆರನೇ ಅಂಕದ ಶುರುವಿಗೇ ವಾಪಸ್. ಆಟ ಸೇವ್ ಮಾಡುವ ಹಾಗಿಲ್ಲ. ಕರೆಂಟ್ ಹೋದರಂತೂ ಮೊದಲ ಬೀದಿಯಿಂದ ಶುರು.

ಕೈಯ ವಿಷಯಕ್ಕೆ ಬರೋಣ. ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲೂ ಇದೇ ಕ್ಯಾಸೆಟ್ ಇತ್ತು. ತಮ್ಮ ಅದನ್ನು ಬಾಯಿಗೆ ಹಿಡಿದು ಊದಿ, ಫ್ರಾಕಿನ ಅಂಚಿಗೆ ಒರೆಸು ಅಂತ ನನಗೆ ಕೊಡುತ್ತಿದ್ದ. ಹಳ್ಳ ದಾಟಲು ಹಾರಿದರೆ ಸಾಕು, ಎದುರಿಂದ ಹಕ್ಕಿ ಬಂದು ಎದೆಗೆ ಬಡಿಯುತ್ತಿತ್ತು. ನಿಂಜಾ ಹಿಮ್ಮುಖವಾಗಿ ಹಳ್ಳಕ್ಕೆ. ಹಕ್ಕಿಯನ್ನು ಕೊಂದು ಒಂದು ಹೆಜ್ಜೆ ಹಿಂದೆ ಸರಿದರೆ ಅದು ಮತ್ತೆ ಬರುತ್ತಿತ್ತು. ‘ಅಕ್ಕಾ, ಹಕ್ಕಿ, ಹಕ್ಕಿ!’ ಅಂತ ತಮ್ಮ ಕೂಗುತ್ತಿದ್ದ. ರೇಜ್‌ಬೌಂಡ್ ಆಡಲು ಕೂತಾಗ ಹಳ್ಳದ ಅಂಚು ಬಂದರೆ ನನ್ನ ಹೆಬ್ಬೆರಳು ತಾನಾಗಿ ನಿಂತುಬಿಡುತ್ತಿತ್ತು. ನಿಮಗೂ ಹಾಗೇ ಆಗುತ್ತಿದೆ ಅಂತ ನನ್ನ ನಂಬಿಕೆ. ವಯಸ್ಸಿನ ಮಾತಲ್ಲ ಇದು.

ಹೊಸ ಆಟದಲ್ಲಿ ಹಾರಿ ಬರುವ ವೈರಿಯೇ ನಿಮಗೆ ಮೆಟ್ಟಿಲು. ಗಾಳಿಯಲ್ಲಿದ್ದಾಗ ವೈರಿ ಮೈಗೆ ತಾಗುವ ಹೊತ್ತಿಗೆ ಸರಿಯಾಗಿ ಜಂಪ್ ಬಟನ್ ಇನ್ನೊಂದು ಸಲ ಒತ್ತಿ. ಈ ಆಟದ ಹೀರೋ ಕೆಂಜಿ ಚಕ್ರದ ಹಾಗೆ ತಿರುಗಿ ಅವನನ್ನು ಕತ್ತರಿಸಿ ಮೇಲಕ್ಕೆ ಪುಟಿಯುತ್ತಾನೆ. ಗಿಲೊಟಿನ್ ಬೂಸ್ಟ್ ಅನ್ನುತ್ತಾರೆ. ವೈರಿ ಎಸೆದ ಗುಂಡಿನ ಮೇಲೂ ಹೀಗೆ ಪುಟಿಯಬಹುದು. ಎರಡು ದಿನ ಮೊದಲ ಹಂತದಲ್ಲಿ ಬರೀ ಇದನ್ನೇ ಆಡಿ. ಮಿಕ್ಕಿದ್ದು ಮಗ ಹೇಳಿಕೊಡುತ್ತಾನೆ.

2025ರ ಜುಲೈನಲ್ಲಿ ಬಂದ ಈ ಆಟವನ್ನು ಮಾಡಿದ್ದು ಸ್ಪೇನ್ ದೇಶದ ಸೆವಿಲ್ ನಗರದ ‘ದಿ ಗೇಮ್ ಕಿಚನ್’. ಅವರು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಹಳೆಯ ಕಥೆಯನ್ನು ಮುಟ್ಟಿಲ್ಲ. ರ್ಯೂ ಅಮೆರಿಕದಲ್ಲಿದ್ದಾಗ ಊರಲ್ಲೇ ಉಳಿದು ಹಳ್ಳಿ ಕಾದ ಹುಡುಗ ಕೆಂಜಿ. ಇದು ಅವನ ಕಥೆ. ಅಣ್ಣ ಬೆಂಗಳೂರಿಗೆ ಹೋದ, ನೀವು ಮಂಡ್ಯದಲ್ಲಿ ಉಳಿದಿರಿ ಅಂತ ಬರೆದಿದ್ದೀರಲ್ಲ, ಕೆಂಜಿಯನ್ನು ಇನ್ನೊಂದು ಸಲ ನೋಡಿ.

ಮಗನಿಗೆ ಮೊದಲು ನಾಲೆ ನೀರಿನ ಕಥೆಯನ್ನೇ ಹೇಳಿ. ಅಪ್ಪ-ಮಗನ ಕಥೆ ಆಮೇಲೆ. ಆದರೆ ಬಿದ್ದವನು ಬಂದ ಅನ್ನುವ ಸುದ್ದಿ ಅಣ್ಣನಿಗೆ ಇವತ್ತೇ ಫೋನ್ ಮಾಡಿ ತಿಳಿಸಿ, ಮುಂದಿನ ತಿಥಿವರೆಗೆ ಇಟ್ಟುಕೊಳ್ಳಬೇಡಿ. ಒಂದು ಭಾನುವಾರ ಊರಿಗೆ ಬರಲಿ. ಅವನು ಬರುತ್ತಾನೆ ಅಂತ ಇನ್ನೊಂದು ಕಂಟ್ರೋಲರ್ ಕೊಳ್ಳಬೇಡಿ. ಇದೂ ಒಬ್ಬರೇ ಆಡುವ ಆಟ. ಸತ್ತವನು ಪಕ್ಕದವನಿಗೆ ಕೊಡಬೇಕು, ಅಷ್ಟೇ.