ರಾಷ್ಟ್ರೀಯ ಉದ್ಯಾನವೇ ಇಲ್ಲದ ಜಿಲ್ಲೆಯಲ್ಲಿದ್ದುಕೊಂಡು ಸಾರ್ವಜನಿಕ ಭೂಮಿಯ ಪರವಾಗಿ ಏನು ಮಾಡಬಹುದು?

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ರಾಷ್ಟ್ರೀಯ ಉದ್ಯಾನಗಳೂ ಸಾರ್ವಜನಿಕ ಭೂಮಿಯೂ ಉಳಿಯಬೇಕೆಂದು ಬಯಸುವ ಸಾಮಾನ್ಯ ಮನುಷ್ಯನು ಮೊಬೈಲಿನಲ್ಲಿ ಬರುವ ಮನವಿಗಳಿಗೆ ಸಹಿ ಹಾಕುವುದರ ಹೊರತು ಏನು ಮಾಡಬಹುದು ಎಂಬುದು ಒಂದು. ಒಂದು ರಾಷ್ಟ್ರೀಯ ಉದ್ಯಾನವಾಗಲಿ ವನ್ಯಜೀವಿ ಅಭಯಾರಣ್ಯವಾಗಲಿ ಇಲ್ಲದ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕುಳಿತವನಿಗೆ ಆ ವಿಷಯದಲ್ಲಿ ಮಾತನಾಡುವ ಅಧಿಕಾರವಿದೆಯೇ ಎಂಬುದು ಇನ್ನೊಂದು. ನಾನು ಕುಂಬಳೆ ಸೀಮೆಯ ಅಡಿಕೆ ಕೃಷಿಕ, ಕೆಲವು ಕಾಲ ನಮ್ಮ ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಇದ್ದವನು. ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕಿದರೆ ಮೊದಲನೆಯದರ ಅರ್ಧ ಭಾಗ ಮುಗಿದಂತೆಯೇ.

ನಮ್ಮಲ್ಲಿ ಸಾರ್ವಜನಿಕ ಭೂಮಿ ಎಂದರೆ ಹೆಚ್ಚಿನ ಕಡೆ ದಟ್ಟ ಕಾಡಲ್ಲ, ಪದವು, ಅಂದರೆ ಗುಡ್ಡದ ಮೇಲಿನ ಬಯಲು. ಮೇ ತಿಂಗಳಲ್ಲಿ ಮಾತ್ರ ಅದನ್ನು ನೋಡಿದವರಿಗೆ ಅದು ಮುರಕಲ್ಲಿನ (ಜಂಬಿಟ್ಟಿಗೆಯ) ಬೋಳು ಹಾಸು, ಒಣಗಿದ ಮುಳಿಹುಲ್ಲು, ಅಷ್ಟೇ. ಅದೇ ಪದವಿಗೆ ಆಟಿ ಕಳೆದು ಸೋಣ ಬರುವ ಹೊತ್ತಿಗೆ, ಅಂದರೆ ಆಗಸ್ಟ್ ನಡುವಿಗೆ ಹೋಗಿ, ಮಂಡಿಯೂರಿ ಕುಳಿತು ನೋಡಬೇಕು. ಬೆರಳಿನಷ್ಟು ದಪ್ಪವೂ ಇಲ್ಲದ ಮಣ್ಣಿನ ಪದರದಲ್ಲಿ ಎರಿಯೋಕಾಲನ್ ಎಂಬ ಗಿಡದ ಬಿಳಿ ಗುಂಡಿಯಂತಹ ಹೂಗಳು, ಅವುಗಳ ನಡುವೆ ಯುಟ್ರಿಕ್ಯುಲೇರಿಯಾದ ನೇರಳೆ ಹೂಗಳು ಇರುತ್ತವೆ. ಈ ಯುಟ್ರಿಕ್ಯುಲೇರಿಯಾವನ್ನು ಬುಡಸಹಿತ ಎತ್ತಿದರೆ ಎಳೆಗಳ ಮೇಲೆ ಸಾಸಿವೆಗಿಂತಲೂ ಸಣ್ಣ ಚೀಲಗಳು ಕಾಣುತ್ತವೆ. ಮುರಕಲ್ಲಿನ ಮೇಲಿನ ಮಣ್ಣಿನಲ್ಲಿ ಸಾರಜನಕ ಸಾಲದ ಕಾರಣ, ನೀರಿನಲ್ಲಿರುವ ಸೂಕ್ಷ್ಮ ಜೀವಿಗಳನ್ನು ಆ ಚೀಲಗಳಲ್ಲಿ ಹಿಡಿದು ಗಿಡವು ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಪಕ್ಕದ ಕಲ್ಲಿನ ಕುಳಿಯಲ್ಲಿ ಕಪ್ಪೆಮರಿಗಳು ನೀರು ಬತ್ತುವ ಮೊದಲು ಕಾಲು ಮೂಡಿಸಿಕೊಳ್ಳಲು ಹೆಣಗುತ್ತಿರುತ್ತವೆ. ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿ ಮೊಟ್ಟೆ ಇಡುವುದೂ ಇದೇ ಬಯಲಿನಲ್ಲಿ, ಗೂಡೆಂಬ ಗೂಡಿಲ್ಲದೆ, ಹರಳುಕಲ್ಲುಗಳ ಮಧ್ಯೆ. ಕಣ್ಣೂರಿನ ಮಾಡಾಯಿಪ್ಪಾರ ಎಂಬ ಇಂತಹದೇ ಪದವಿನಲ್ಲಿ ದೊರೆತ ಒಂದು ಎರಿಯೋಕಾಲನ್ ಪ್ರಭೇದಕ್ಕೆ ಆ ಜಾಗದ ಹೆಸರನ್ನೇ ಇಡಲಾಗಿದೆ. ನಮ್ಮ ಜಿಲ್ಲೆಯ ಪೆರಿಯದ ಮಳೆಗಾಲದ ತೋಡುಗಳಲ್ಲಿ ಬೆಳೆಯುವ ಕ್ರಿನಂ ಮಲಬಾರಿಕಂ ಎಂಬ ಬಿಳಿ ಹೂವಿನ ಗಿಡವು ವಿಜ್ಞಾನಕ್ಕೆ ಹೊಸತೆಂದು ಪ್ರಕಟವಾದದ್ದು 2012ರಲ್ಲಿ. 2023ರಲ್ಲಿ ಅದು ಕಾಸರಗೋಡು ಜಿಲ್ಲೆಯ ಅಧಿಕೃತ ಹೂವಾಯಿತು. ಅದರ ಜೊತೆಗೆ ಕಾಸರಕ ಮರ, ಬಿಳಿಹೊಟ್ಟೆಯ ಕಡಲ ಹದ್ದು, ಚಂದ್ರಗಿರಿ ಹೊಳೆಯಲ್ಲಿ ಮೊಟ್ಟೆಯಿಡುವ ದೈತ್ಯ ಮೃದುಚಿಪ್ಪಿನ ಆಮೆ ಕೂಡ ಜಿಲ್ಲೆಯ ಪಟ್ಟಿಗೆ ಸೇರಿದವು. ಆದ್ದರಿಂದ ಉದ್ಯಾನವಿಲ್ಲದ ಜಿಲ್ಲೆಯಲ್ಲಿ ಕಾಪಾಡಲು ಏನೂ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ನೀರಿನ ಮಾತು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆ ನಮ್ಮದು. ಆದರೂ ಕಾಸರಗೋಡು ಬ್ಲಾಕ್ ಅಂತರ್ಜಲದ ಸರಕಾರಿ ಲೆಕ್ಕದಲ್ಲಿ ಗಂಭೀರ ಸ್ಥಿತಿಯ ಸಾಲಿಗೆ ಸೇರಿದ್ದಿದೆ. ಪದವಿನ ಮೇಲೆ ಪಳ್ಳಗಳೆಂಬ ತಗ್ಗುಗಳಲ್ಲಿ ನಿಂತ ನೀರು ಮುರಕಲ್ಲಿನ ರಂಧ್ರಗಳ ಮೂಲಕ ಇಳಿದು ಬೈಲಿನ ಬಾವಿಗಳಿಗೂ ನೀರಿಗಾಗಿ ಗುಡ್ಡದ ಬದಿಯಲ್ಲಿ ಕೊರೆದ ಸುರಂಗಗಳಿಗೂ ಬರುತ್ತದೆ ಎಂಬುದು ಇಲ್ಲಿಯ ಯಾವ ಕೃಷಿಕನಿಗೂ ಹೊಸ ವಿಷಯವಲ್ಲ. ಮೇಲೆ ಕಲ್ಲಿನ ಕೋರೆ (ಗಣಿ) ತೆಗೆದರೆ ಕೆಳಗಿನ ಸುರಂಗಕ್ಕೆ ಏನಾಗಬಹುದೆಂದು ತಿಳಿಯಲು ವರದಿ ಬೇಕಾಗಿಲ್ಲ, ಆದರೆ ಕಚೇರಿಗೆ ಮಾತ್ರ ವರದಿ ಬೇಕು! ಹಳೆಯ ಕೋರೆಯ ಹೊಂಡದಲ್ಲಿ ಮಳೆನೀರು ನಿಂತು ಇಂಗುತ್ತದೆ, ಹಾಗಾಗಿ ಕೋರೆಯಿಂದ ಲಾಭವೇ ಎಂದು ವಾದಿಸುವವರಿದ್ದಾರೆ. ಕೆಲವು ಹೊಂಡಗಳ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಬೇಲಿಯಿಲ್ಲದ ಹೊಂಡದ ಅಪಾಯವನ್ನೂ, ಒಮ್ಮೆ ಕಿತ್ತ ಮೇಲೆ ಮರಳಿ ಬಾರದ ಆ ತೆಳು ಮಣ್ಣನ್ನೂ ಆ ವಾದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂತಹ ಭೂಮಿ ಕೈತಪ್ಪುವುದು ಜೆಸಿಬಿ ಬಂದ ದಿನವಲ್ಲ. ಅದಕ್ಕೂ ಬಹಳ ಮೊದಲು, ಯಾವುದೋ ಕಡತದಲ್ಲಿ ಅದನ್ನು ಪಾಳು, ನಿರುಪಯುಕ್ತ ಎಂದು ಬರೆದ ದಿನವೇ ಅದು ಅರ್ಧ ಹೋಗಿರುತ್ತದೆ. ಅಂಬಲತ್ತರ ಮತ್ತು ಪೈವಳಿಕೆಯಲ್ಲಿ ತಲಾ 50 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರಗಳು ಬಂದಿವೆ. ನಾನು ಸೌರ ವಿದ್ಯುತ್ತಿನ ವಿರೋಧಿಯಲ್ಲ. ಮನೆ, ಶಾಲೆ, ಆಸ್ಪತ್ರೆಗಳಿಗೂ ಜಾಗ ಬೇಕು, ಅದು ಹೆಚ್ಚಾಗಿ ಸರಕಾರಿ ಜಾಗವೇ ಆಗಬೇಕಾಗುತ್ತದೆ. ನನ್ನ ತಕರಾರು ಇರುವುದು ಯಾರನ್ನೂ ಕೇಳದೆ ಪಾಳು ಎಂದು ತೀರ್ಮಾನಿಸುವ ಕ್ರಮದ ಬಗ್ಗೆ. ಗುಡ್ಡದ ಮೇಲಿನ ಸರಕಾರಿ ಗೇರು ತೋಟಗಳಿಗೆ 2000ದವರೆಗೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವಾಗಲೂ ಕೆಳಗೆ ಬದುಕುವವರ ಒಪ್ಪಿಗೆ ಕೇಳಿರಲಿಲ್ಲ. ಸಾರ್ವಜನಿಕ ಭೂಮಿಯಲ್ಲಿ ಏನು ನಡೆಯುತ್ತದೆ ಎಂಬುದು ನಮ್ಮ ಸೊತ್ತಿನ ಪ್ರಶ್ನೆ ಎಂದು ಈ ಜಿಲ್ಲೆಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಕಾನೂನಿನ ದೃಷ್ಟಿಯಿಂದ ಪದವಿಗೆ ಒಂದು ದೊಡ್ಡ ತೊಂದರೆ ಇದೆ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯಾಗಲಿ, ನೀಲಂಬೂರಿನ ಗೋದವರ್ಮನ್ ತಿರುಮುಲ್ಪಾಡರು ಹೂಡಿದ ಮೊಕದ್ದಮೆಯಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಕೊಟ್ಟ ಪ್ರಸಿದ್ಧ ಆದೇಶವಾಗಲಿ ಕಾಡನ್ನು ಕಾಪಾಡುತ್ತವೆ. ಮರವಿಲ್ಲದ ಹುಲ್ಲುಹಾಸು ಮತ್ತು ಬಂಡೆ ಅವುಗಳ ಕೈಗೆ ಸಿಗುವುದು ಕಷ್ಟ. ಹಾಗೆಂದು ನಿಮ್ಮ ಊರಿನ ಪದವನ್ನು ರಾಷ್ಟ್ರೀಯ ಉದ್ಯಾನ ಮಾಡಿ ಎಂದು ಕೇಳಲು ಹೋಗಬೇಡಿ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಜಾನುವಾರು ಮೇಯಿಸುವಂತಿಲ್ಲ. ದನ ಬಿಡುವವರು, ಹುಲ್ಲು ಕೊಯ್ಯುವವರು, ಪಕ್ಕದ ಕುಮ್ಕಿ ಎಂಬ ಸರಕಾರಿ ಜಾಗದ ಸೊಪ್ಪಿನ ಮೇಲೆ ತೋಟ ನಡೆಸುವವರು ಮರುದಿನವೇ ನಿಮ್ಮ ಎದುರಾಳಿಗಳಾಗುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ಅದರ ಬದಲು 2002ರ ಜೀವವೈವಿಧ್ಯ ಕಾಯಿದೆಯ 37ನೆಯ ಸೆಕ್ಷನಿನ ಅಡಿಯಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲು ಕೇಳಬಹುದು. ಅದನ್ನು ರಾಜ್ಯ ಸರಕಾರವು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಮಾಡುತ್ತದೆ. ಖಾಸಗಿ ಅಥವಾ ಸಮುದಾಯದ ಜಾಗವಾದರೆ ಸಮುದಾಯ ಮೀಸಲು ಎಂಬ ದಾರಿಯಿದೆ, ಕೇರಳದಲ್ಲಿ ಕಡಲುಂಡಿ-ವಳ್ಳಿಕ್ಕುನ್ನು ಹಾಗೆ ಉಳಿದಿದೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಘೋಷಣೆ ಕೂಗುವ ಮೊದಲು ಸರ್ವೆ ನಂಬ್ರ ತಿಳಿದುಕೊಳ್ಳಿ. ವಿಲ್ಲೇಜ್ ಆಫೀಸಿನಲ್ಲಿ ಬೇಸಿಕ್ ಟ್ಯಾಕ್ಸ್ ರಿಜಿಸ್ಟರ್ ಎಂಬ ದೊಡ್ಡ ಪುಸ್ತಕವಿರುತ್ತದೆ; ಅದರಲ್ಲಿ ಪ್ರತಿ ಸರ್ವೆ ನಂಬ್ರದ ಎದುರು ವಿಸ್ತೀರ್ಣ, ಪಟ್ಟೆಯೋ (ಖಾಸಗಿ) ಪುರಂಬೋಕೋ (ಸಾರ್ವಜನಿಕ ಬಳಕೆಗೆ ಬಿಟ್ಟ ಸರಕಾರಿ ಜಾಗ) ತರಿಶೋ (ಪಾಳು) ಎಂಬ ವಿವರ, ಷರಾ (ಟಿಪ್ಪಣಿ) ಕಾಲಂ ಇವೆಲ್ಲ ಇರುತ್ತವೆ. ಜನ ಗಮನಿಸದಿರುವುದು ಆ ಷರಾ ಕಾಲಮನ್ನೇ, ಇಡೀ ಕತೆ ಇರುವುದೂ ಅಲ್ಲಿಯೇ. ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಹಚ್ಚಿ ಆ ಪುಟದ ನಕಲನ್ನೂ ನಕ್ಷೆಯನ್ನೂ ಕೇಳಿ; 30 ದಿನಗಳೊಳಗೆ ಉತ್ತರ ಕೊಡಬೇಕು. ಜಾಗ ಸರಕಾರದ್ದೆಂದು ಖಚಿತವಾದ ಮೇಲೆ, ಅದನ್ನು ಯಾರಾದರೂ ಆಕ್ರಮಿಸಿದ್ದರೆ 1957ರ ಕೇರಳ ಭೂಸಂರಕ್ಷಣಾ ಕಾಯಿದೆಯ ಅನ್ವಯ ತಹಶೀಲ್ದಾರರಿಗೆ ದೂರು ಕೊಡಿ. ಪಂಜಾಬಿನ ಒಂದು ಹಳ್ಳಿಯ ಕೆರೆಯ ವಿಚಾರವಾಗಿ ಹುಟ್ಟಿಕೊಂಡ ಜಗಪಾಲ್ ಸಿಂಗ್ ಪ್ರಕರಣದಲ್ಲಿ 2011ರ ಜನವರಿ 28ರಂದು ಸುಪ್ರೀಂ ಕೋರ್ಟ್, ಹಳ್ಳಿಗಳ ಸಾಮುದಾಯಿಕ ಭೂಮಿಯ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಹೇಳಿದೆ. ದೂರಿನಲ್ಲಿ ಆ ತೀರ್ಪನ್ನು ಉಲ್ಲೇಖಿಸಿದರೆ ಅದನ್ನು ಓದುವವರು ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳುತ್ತಾರೆ.

ಎರಡನೆಯ ಜಾಗ ಗ್ರಾಮಸಭೆ. ಕೇರಳದಲ್ಲಿ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ಶೇಕಡ 10ರಷ್ಟು ಮಂದಿ ಇದ್ದರೆ ಕೋರಂ. ನಮ್ಮ ಕಡೆ ಹೆಚ್ಚಿನವರು ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು ಓದಿಯಾಯಿತೆಂದರೆ ಎದ್ದು ಹೋಗುತ್ತಾರೆ. ನೀವು ಕೊನೆಯವರೆಗೆ ಕುಳಿತು, ಪದವಿನ ವಿಷಯದಲ್ಲಿ ಒಂದು ನಿರ್ಣಯವನ್ನು ಬರೆಸಿ, ಅದರ ನಕಲು ಪಡೆಯಿರಿ. ಊರಿನ ಜೀವಸಂಪತ್ತನ್ನು ಬರೆದಿಡುವ ಪಂಚಾಯತಿನ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಪದವು, ಪಳ್ಳ, ಬನ, ಸುರಂಗಗಳು ಇವೆಯೇ ಎಂದು ನೋಡಿ. ಇಲ್ಲವಾದರೆ ಫೋಟೋ, ತಿಂಗಳು, ಸ್ಥಳ ಸಹಿತ ಸೇರಿಸಲು ಬರೆದುಕೊಡಿ. ಶಾಲೆಯ ಮಕ್ಕಳೂ ಅಧ್ಯಾಪಕರೂ ಒಂದು ಮಳೆಗಾಲದಲ್ಲಿ ಮಾಡಬಹುದಾದ ಕೆಲಸವದು. ನಾಳೆ ಆ ಜಾಗಕ್ಕೆ ಯೋಜನೆ ಬಂದಾಗ, ಯೋಜನೆಗಿಂತ ಮೊದಲೇ ಇದ್ದ ಸರಕಾರಿ ದಾಖಲೆಯೆಂಬ ಕಾರಣಕ್ಕೇ ಅದಕ್ಕೆ ತೂಕ ಬರುತ್ತದೆ.

ವಾದವನ್ನು ಹೂವಿನಿಂದ ಆರಂಭಿಸಬೇಡಿ, ಬಾವಿಯಿಂದ ಆರಂಭಿಸಿ. ಅಣೆಕಟ್ಟಿನಿಂದ ಮುಳುಗಲಿದ್ದ ಕೇರಳದ ಸೈಲೆಂಟ್ ವ್ಯಾಲಿ ಕಾಡಿನ ಪರವಾಗಿ ಹೋರಾಡಿದವರು ಸಿಂಗಳೀಕಗಳ ಬಗ್ಗೆ ಮಾತ್ರ ಮಾತನಾಡಿದ್ದರು ಎಂಬ ಕಲ್ಪನೆ ಹಲವರಲ್ಲಿದೆ. ಆದರೆ ವಿಜ್ಞಾನವನ್ನು ಜನರಿಗೆ ತಲುಪಿಸುವ ಸಂಘಟನೆಯಾದ ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತು, ಅಲ್ಲಿಯ ಕುಂತಿಪುಳ ಹೊಳೆಗೆ ಯೋಜಿಸಿದ್ದ ವಿದ್ಯುತ್ ಅಣೆಕಟ್ಟಿನ ಬಗ್ಗೆ ತಾಂತ್ರಿಕ ಮತ್ತು ಆರ್ಥಿಕ ಲೆಕ್ಕವನ್ನೇ ಹಾಕಿ ಜನರ ಮುಂದಿಟ್ಟಿತ್ತು. ವಿದ್ಯುತ್ತು ಬೇಕಾದವರಿಗೆ ವಿದ್ಯುತ್ತಿನ ಭಾಷೆಯಲ್ಲೇ ಉತ್ತರ ಕೊಟ್ಟ ಕಾರಣ ಆ ವಾದವನ್ನು ತಳ್ಳಿಹಾಕಲಾಗಲಿಲ್ಲ. ಯೋಜನೆ ಕೈಬಿಟ್ಟ ಬಳಿಕ 1984ರಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು. ಹಾಗೆಯೇ ಕೋರೆಯಲ್ಲಿ ದಿನಗೂಲಿಗೆ ಕಲ್ಲು ಹೊರುವವರನ್ನು ಎದುರಾಳಿಗಳೆಂದು ತಿಳಿಯಬೇಡಿ, ಪರವಾನಿಗೆ ಕೊಟ್ಟವರು ಅವರಲ್ಲ.

ದೂರದ ಉದ್ಯಾನಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಬೋರ್ಡು ಹಾಕಿದ ಮಾತ್ರಕ್ಕೆ ರಕ್ಷಣೆಯಾಗುವುದಿಲ್ಲ. ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಅಧಿಸೂಚನೆ ಬಂದದ್ದು 1987ರಲ್ಲಿ, ಅಲ್ಲಿಯ ಕಬ್ಬಿಣದ ಗಣಿ ನಿಂತದ್ದು ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2005ರ ಕೊನೆಗೆ. ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಕರಡು ಅಧಿಸೂಚನೆ ಪ್ರಕಟವಾದಾಗ ಆಕ್ಷೇಪ ಮತ್ತು ಸಲಹೆ ಸಲ್ಲಿಸಲು 60 ದಿನ ಇರುತ್ತದೆ, ದೇಶದ ಯಾವ ಮೂಲೆಯವರೂ ಬರೆಯಬಹುದು. ಪರಿಸರ ಅನುಮತಿಯ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ, ತಕ್ಕ ಕಾರಣವಿದ್ದರೆ ಮತ್ತೆ 60 ದಿನ. ನಮಗೆ ಸಂಬಂಧಿಸಿದ ಪೀಠ ಚೆನ್ನೈಯಲ್ಲಿದೆ. ಆನ್‌ಲೈನ್ ಸಹಿಗಿಂತ ಈ ಅವಧಿಗಳೊಳಗೆ ಹೋದ ಒಂದೇ ಒಂದು ಪತ್ರಕ್ಕೆ ಬೆಲೆ ಜಾಸ್ತಿ, ಏಕೆಂದರೆ ಆ ಪತ್ರ ಕಡತಕ್ಕೆ ಸೇರುತ್ತದೆ.

ಕೊನೆಯದಾಗಿ ಭಾಷೆ. ಮಲಯಾಳದಲ್ಲಿ ಬರೆಯಲು ಬಾರದೆಂದು ಹಿಂಜರಿಯುವವರು ನಮ್ಮಲ್ಲಿ ತುಂಬ ಮಂದಿ ಇದ್ದಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸೆಕ್ರೆಟೇರಿಯೆಟಿನೊಡನೆಯೂ ಇಲಾಖಾ ಮುಖ್ಯಸ್ಥರೊಡನೆಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಅರ್ಜಿಯನ್ನು ಕನ್ನಡದಲ್ಲೇ ಬರೆದು, ಸರ್ವೆ ನಂಬ್ರವನ್ನು ಮೊದಲ ಸಾಲಿನಲ್ಲೇ ಹಾಕಿ, ಎರಡನೆಯ ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ನಿಮ್ಮ ಪದವು ಯಾವ ಗ್ರಾಮದ್ದು, ರಿಜಿಸ್ಟರಿನಲ್ಲಿ ಏನೆಂದು ದಾಖಲಾಗಿದೆ ಎಂಬುದು ತಿಳಿದ ಮೇಲೆ ಇಲ್ಲಿಯೇ ಬರೆಯಿರಿ. ಪುರಂಬೋಕಾದರೆ ಒಂದು ರೀತಿ, ಈಗಾಗಲೇ ಗುತ್ತಿಗೆಗೆ ಕೊಟ್ಟದ್ದಾದರೆ ಇನ್ನೊಂದು ರೀತಿ ಮುಂದುವರಿಯಬೇಕಾಗುತ್ತದೆ.