ಮುರಿದ ಮಣಿಯನ್ನೂ ಯಾಕೆ ಇಟ್ಟಿದ್ದಾರೆ?

ಪ್ರಶ್ನೆ: ಮೇಡಂ, ರಜೆಯಲ್ಲಿ ಮಕ್ಕಳನ್ನು ದೆಹಲಿಯ ನ್ಯಾಷನಲ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಹರಪ್ಪ ಕಾಲದ ಕೋಣೆಯಲ್ಲಿ ಚಿಕ್ಕ ಚಿಕ್ಕ ಮಣಿಗಳು, ಬಳೆ ಚೂರುಗಳು. ಒಂದೆರಡು ಮಣಿ ಮುರಿದೂ ಇದ್ದವು. "ಮುರಿದಿದ್ದನ್ನು ಯಾಕಮ್ಮ ಗಾಜಿನೊಳಗೆ ಇಟ್ಟಿದ್ದಾರೆ?" ಅಂತ ಮಗಳು ಕೇಳಿದಳು. ಏನು ಹೇಳಬೇಕು ಅಂತ ತಿಳಿಯಲಿಲ್ಲ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಮಗಳು ಕೇಳಿದ್ದು ತುಂಬ ಒಳ್ಳೆಯ ಪ್ರಶ್ನೆ. ಮ್ಯೂಸಿಯಂ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದನ್ನೇ ಕೇಳಿದ್ದೆ. ನನ್ನ ಹಿರಿಯ ಸಹೋದ್ಯೋಗಿ ಬಾಯಲ್ಲಿ ಏನೂ ಹೇಳಲಿಲ್ಲ. ಅರ್ಧಕ್ಕೆ ಸೀಳಿದ ಒಂದು ಕೆಂಪು ಮಣಿಯನ್ನೂ ಒಂದು ಭೂತಗನ್ನಡಿಯನ್ನೂ ಕೈಗೆ ಕೊಟ್ಟರು.

ಇಡೀ ಮಣಿಯಲ್ಲಿ ಹೊಳಪು ಮಾತ್ರ ಕಾಣುತ್ತದೆ. ಸೀಳಿದ ಮಣಿಯಲ್ಲಿ ತೂತಿನ ಒಳಗೋಡೆ ಕಾಣುತ್ತದೆ. ಅವತ್ತು ನಾನು ನೋಡಿದ್ದು ಅದನ್ನೇ. ಒಂದು ತುದಿಯಿಂದ ಅರ್ಧ ಕೊರೆದು, ಮಣಿಯನ್ನು ತಿರುಗಿಸಿ, ಇನ್ನೊಂದು ತುದಿಯಿಂದ ಕೊರೆದಿದ್ದಾರೆ. ಎರಡೂ ತೂತು ನಡುವೆ ಸೇರುವಲ್ಲಿ ಕೂದಲೆಳೆಯಷ್ಟು ಏರುಪೇರು. ಒಳಗೆ ಬಳೆಯ ಹಾಗೆ ಸುತ್ತು ಸುತ್ತು ಗೀರು. ಯಾರದೋ ಕೈ ಅಲ್ಲಿ ಗಂಟೆಗಟ್ಟಲೆ ಕೆಲಸ ಮಾಡಿದೆ ಅಲ್ವಾ, ಅದರ ಗುರುತು ಅದು.

ಈ ಕೆಂಪು ಕಲ್ಲಿಗೆ ಕಾರ್ನೀಲಿಯನ್ ಅಂತಾರೆ. ಬಹಳ ಗಟ್ಟಿ. ಹರಪ್ಪದವರ ಹತ್ತಿರ ಇದನ್ನು ಕೊರೆಯಲು ಕಬ್ಬಿಣ ಇರಲಿಲ್ಲ. ಇನ್ನೊಂದು ಗಟ್ಟಿ ಕಲ್ಲಿನಿಂದಲೇ ಸಣ್ಣ ಮೊನೆ ಮಾಡಿ, ಬಿಲ್ಲಿನಿಂದ ತಿರುಗಿಸುವ ಬೈರಿಗೆಗೆ ಸಿಕ್ಕಿಸಿ ಕೊರೆಯುತ್ತಿದ್ದರು. ಸಂಶೋಧಕರು ಅದೇ ರೀತಿ ಮಾಡಿ ನೋಡಿದಾಗ ಗಂಟೆಗೆ ಸುಮಾರು 2.5 ಮಿಲಿಮೀಟರ್ ಮಾತ್ರ ಇಳಿಯಿತು. 10 ಸೆಂಟಿಮೀಟರ್ ಉದ್ದದ ಮಣಿಗೆ ಕೊರೆಯೋಕೇ 40 ಗಂಟೆ ಬೇಕು! ಅದೂ ಕೊನೇ ಗಳಿಗೆಯಲ್ಲಿ ಸೀಳಿಹೋದರೆ? ಸಿಂಧ್‌ನ ಚನ್ಹುದಾರೋ ಎಂಬ ಹರಪ್ಪ ಕಾಲದ ಊರಿನಲ್ಲಿ 1935-36ರಲ್ಲಿ ಪುರಾತತ್ವಜ್ಞ ಅರ್ನೆಸ್ಟ್ ಮೆಕೆ ಅಗೆದಾಗ ಮಣಿ ಮಾಡುವವರ ಕಾರ್ಖಾನೆಯೇ ಸಿಕ್ಕಿತು. ಅರ್ಧ ಕೊರೆದವು, ಮುರಿದವು, ಮೊನೆಗಳು ಎಲ್ಲ ಅಲ್ಲಿದ್ದವು. ಆ ಮೊನೆಯ ಕಲ್ಲಿಗೆ ಆಮೇಲೆ ಅವರ ನೆನಪಿನಲ್ಲಿ ಅರ್ನೆಸ್ಟೈಟ್ ಅಂತ ಹೆಸರಿಟ್ಟರು. ಮುರಿದವನ್ನು ಮೆಕೆ ಬಿಸಾಡಿದ್ದರೆ ಇದ್ಯಾವುದೂ ನಮಗೆ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ವಿಷಯವನ್ನೂ ಮಗಳಿಗೆ ಹೇಳಿ. 1947ರಲ್ಲಿ ದೇಶ ಭಾಗವಾದಾಗ ಮೊಹೆಂಜೊದಾರೋದ ವಸ್ತುಗಳನ್ನೂ ಪಾಲು ಮಾಡಿದರು. ಬಂಗಾರ ಮತ್ತು ಹಸಿರು ಕಲ್ಲುಮಣಿಗಳ ಒಂದು ಹಾರವನ್ನು ಬಿಚ್ಚಿ, ಅರ್ಧ ಭಾರತಕ್ಕೆ, ಅರ್ಧ ಪಾಕಿಸ್ತಾನಕ್ಕೆ ಕೊಟ್ಟರು. ಕೆಂಪು ಮಣಿಗಳ ಒಂದು ಸೊಂಟದ ಪಟ್ಟಿಗೂ ಅದೇ ಆಯಿತು. ನಮ್ಮ ಪಾಲಿನದು ದೆಹಲಿಯಲ್ಲಿದೆ. ನನಗೆ ಇದನ್ನು ನೆನೆದಾಗೆಲ್ಲ ಸಂಕಟವಾಗುತ್ತದೆ. ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಣ್ಣು ಜೋಪಾನ ಮಾಡಿದ್ದನ್ನು ನಾವು ಬಿಚ್ಚಿ ಹಂಚಿಕೊಂಡೆವು.

ಪ್ರಶ್ನೆ: ಕೆಂಪು ಮಣಿಗಳ ಮೇಲೆ ಬಿಳಿ ಗೆರೆ, ಬಿಳಿ ಸುತ್ತು ಇರುತ್ತದಲ್ಲ, ಅದು ಬಣ್ಣವೇ? ಇಷ್ಟು ವರ್ಷ ಹೇಗೆ ಉಳಿಯಿತು?
— ಬಿ.ಎ. ವಿದ್ಯಾರ್ಥಿ, ಧಾರವಾಡ

ಉತ್ತರ: ಬಣ್ಣ ಬಳಿದಿದ್ದಲ್ಲ, ಅದಕ್ಕೇ ಉಳಿಯಿತು. ಸೋಡಾದಂಥ ಕ್ಷಾರವನ್ನು ಗಿಡದ ರಸದಲ್ಲಿ ಕಲಸಿ, ಅದರಿಂದ ಮಣಿಯ ಮೇಲೆ ಗೆರೆ ಎಳೆದು, ಒಣಗಿಸಿ, ಕೆಂಡದಲ್ಲಿ ಹೂತಿಡುತ್ತಿದ್ದರು. ಕ್ಷಾರ ತಾಗಿದ ಕಡೆ ಕಲ್ಲೇ ಬೆಳ್ಳಗಾಗುತ್ತದೆ. ಮೆಕೆ ಅವರೇ ಸಿಂಧ್‌ನ ಸೆಹ್ವಾನ್‌ನಲ್ಲಿ ಒಬ್ಬ ಮುದುಕ ಕುಶಲಕರ್ಮಿ ಇದನ್ನು ಮಾಡುವುದನ್ನು ಕಂಡು 1933ರಲ್ಲಿ ಬರೆದಿದ್ದಾರೆ. ಆತ ಮುಳ್ಳುಗಿಡವೊಂದರ ಎಳೆ ಚಿಗುರನ್ನು ಜಜ್ಜಿ, ಬಟ್ಟೆ ಸೋಡಾಕ್ಕೆ ಸೇರಿಸುತ್ತಿದ್ದ. ಇಂಥ ಮಣಿಗಳು ಇರಾಕಿನ ಊರ್ ಎಂಬ ಹಳೇ ನಗರದ ರಾಜಗೋರಿಗಳಲ್ಲೂ ಸಿಕ್ಕಿವೆ, ಬಹಳ ಕಾಲದ ನಂತರದವು ತಮಿಳುನಾಡಿನ ಕೊಡುಮಣಲ್‌ನ ಕಲ್ಲುಗೋರಿಗಳಲ್ಲೂ ಸಿಕ್ಕಿವೆ. ನಿಮಗೆ ಆಸಕ್ತಿ ಇದ್ದರೆ ಗುಜರಾತಿನ ಖಂಬಾತ್‌ಗೆ ಹೋಗಿ ಬನ್ನಿ. ಅಲ್ಲಿ ಈಗಲೂ ಕಲ್ಲು ಸುಟ್ಟು ಕೆಂಪು ಮಾಡಿ, ಕೊಂಬಿನ ಸುತ್ತಿಗೆಯಿಂದ ಕೆತ್ತಿ ಮಣಿ ಮಾಡುವವರಿದ್ದಾರೆ.

ಪ್ರಶ್ನೆ: ನಮ್ಮ ಹೊಲದಲ್ಲಿ ಉಳುವಾಗ ಹಳೇ ಮಣಿ, ಮಡಕೆ ಚೂರು ಸಿಗುತ್ತವೆ. ತೊಳೆದು ದಾರಕ್ಕೆ ಪೋಣಿಸಿ ಇಟ್ಟಿದ್ದೇವೆ. ತಪ್ಪೇ?
— ಓದುಗರು, ಲಿಂಗಸುಗೂರು

ಉತ್ತರ: ಬೈಯುವುದಕ್ಕೆ ನನಗೆ ಮನಸ್ಸಿಲ್ಲ, ಜೋಪಾನ ಮಾಡಿದ್ದೀರಿ. ಆದರೆ ಇನ್ನು ಮುಂದೆ ತೊಳೆಯಬೇಡಿ, ಪೋಣಿಸಬೇಡಿ. ನನ್ನ ಕೈಗೆ ಒಮ್ಮೆ ಒಂದು ಬಿಸ್ಕೆಟ್ ಡಬ್ಬಿ ಬಂತು. ಒಳಗೆ ಅರವತ್ತಕ್ಕೂ ಜಾಸ್ತಿ ಮಣಿ, ಒಂದಕ್ಕಿಂತ ಒಂದು ಚಂದ. ಯಾವ ಊರಿನವು ಅಂತ ಬರೆದಿದ್ದ ಚೀಟಿಯನ್ನು ಗೆದ್ದಲು ತಿಂದಿತ್ತು. ಎರಡು ತಿಂಗಳು ಹಳೇ ರಿಜಿಸ್ಟರುಗಳನ್ನೆಲ್ಲ ತಿರುವಿ ಹಾಕಿದೆ. ಸಿಗಲಿಲ್ಲ. ಕೊನೆಗೆ "ಸ್ಥಳ ಗೊತ್ತಿಲ್ಲ" ಅಂತ ನಾನೇ ಕೈಯಾರೆ ಬರೆದೆ. ಆ ದಿನ ಮನೆಗೆ ಬಂದು ಸುಮ್ನೆ ಕೂತಿದ್ದೆ, ಊಟ ಸೇರಲಿಲ್ಲ.

ನೀವಿರುವುದು ಮಸ್ಕಿಯ ಹತ್ತಿರ. ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ ಜಾಗ ಅದು. ಹಾಗಾಗಿ ನಿಮ್ಮ ಹೊಲದ ಚೂರನ್ನೂ ನಾನು ಹಗುರವಾಗಿ ತಗೊಳ್ಳಲಾರೆ. ಹೊಲದ ಸರ್ವೆ ನಂಬರ್, ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು, ಯಾವ ತಿಂಗಳು ಅಂತ ಪೆನ್ಸಿಲ್ಲಿನಲ್ಲಿ ಬರೆದು ಮಣಿಗಳ ಜೊತೆಗೇ ಇಡಿ. ಪೋಣಿಸಿದ್ದನ್ನು ಈಗಲೇ ಬಿಚ್ಚಬೇಡಿ. ಯಾವ ಮಣಿ ಎಲ್ಲಿಯದು ಅಂತ ಮನೆಯ ಹಿರಿಯರಿಗೆ ನೆನಪಿದ್ದರೆ ಮೊದಲು ಕೇಳಿ ಬರೆದುಕೊಳ್ಳಿ. ಆಮೇಲೆ ತಹಶೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ಒಂದು ಅರ್ಜಿ ಕೊಡಿ. ಮಾರಲು ಮಾತ್ರ ಯಾರ ಮಾತಿಗೂ ಒಪ್ಪಬೇಡಿ. ಮುಂದಿನ ಉಳುಮೆಗೆ ಮುಂಚೆ ಅರ್ಜಿ ಹೋಗಲಿ.